ಹುಳದ ಮನೆಯಲ್ಲಿಟ್ಟ ರೆಕ್ಕೆ

೧೮ ನವೆಂಬರ್ ೨೦೨೪, ಸೋಮವಾರ

ಐದೂವರೆಗೇ ಎಚ್ಚರವಾಯಿತು. ಶಿಫ್ಟ್ ಬಸ್ಸಿಗೆ ಹೋಗಬೇಕಾಗಿಲ್ಲ ಎಂದು ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಮುಖ ತೊಳೆದು ಶೂ ಹಾಕಿಕೊಂಡು ದೊಡ್ಡಬೆಳವಂಗಲದ ಸರ್ಕಲ್ಲಿನವರೆಗೆ ನಡೆದೆ. ಬಾಶೆಟ್ಟಿಹಳ್ಳಿಗೆ ಹೋಗುವ ಕಂಪನಿ ಬಸ್ಸುಗಳು ಒಂದರ ಹಿಂದೆ ಒಂದು ಬಂದವು. ಒಬ್ಬ ಡ್ರೈವರ್ ಪರಿಚಯದವನು, ಬಾಗಿಲು ತೆಗೆದು ಕಾದ. ಸುಮ್ಮನೆ ವಾಕಿಂಗ್ ಎಂದೆ. ಅವನು ನನ್ನ ಕಾಲಿನ ಸೇಫ್ಟಿ ಶೂ ನೋಡಿ ನಕ್ಕುಕೊಂಡು ಹೋದ.

ನಮ್ಮ ಫೈಬರ್ ಕಂಪನಿ ಬಾಗಿಲು ಹಾಕಿ ತಿಂಗಳಾಗುತ್ತ ಬಂತು. ಇಪ್ಪತ್ತು ವರ್ಷ ಅಲ್ಲಿ ನೀರಿನ ಟ್ಯಾಂಕು, ಬಚ್ಚಲ ಬಾಗಿಲು, ಬಸ್ಸಿನ ಮೂತಿ ಮಾಡಿದವನು ನಾನು. ಕೊನೆಗೆ ಫೋರ್‌ಮನ್ ಆಗಿದ್ದೆ. ಶಿಫ್ಟ್ ಮುಗಿದಾಗ ಆ ದಿನದ್ದನ್ನು ಬರೆದಿಟ್ಟು ಎದ್ದು ಬರುವುದು ಚಾಳಿಯಾಗಿಹೋಗಿದೆ. ಬರೆಯದೆ ಊಟಕ್ಕೆ ಕೂತರೆ ಏನೋ ಅಲ್ಲೇ ಬಿಟ್ಟುಬಂದ ಹಾಗಿರುತ್ತದೆ. ಅದಕ್ಕೇ ಈ ಡೈರಿ. ಯಾರಿಗೂ ತೋರಿಸುವುದಕ್ಕಲ್ಲ.

ಹಗಲು ಹೊತ್ತಿನಲ್ಲಿ ಮನೆಯಲ್ಲಿರುವ ಗಂಡ ಮಮತಳಿಗೆ ನಡುಮನೆಯಲ್ಲಿ ಇಳಿಸಿಟ್ಟ ಗೋಣಿಚೀಲವಿದ್ದ ಹಾಗೆ. ಬಯ್ಯುವುದಿಲ್ಲ, ಸುತ್ತಿಕೊಂಡು ಹೋಗುತ್ತಾಳೆ. ಅವಳಿಗೆ ಅವಳ ಹಿಪ್ಪುನೇರಳೆ ತೋಟ, ಅವಳ ರೇಷ್ಮೆ ಹುಳ. ನನಗೆ ಏನು? ಇವತ್ತು ಆರು ಸಲ ಕಾಫಿ ಕುಡಿದೆ. ಅವ್ವ ಕೇಳಿಯೇಬಿಟ್ಟಳು, ಕಾಲು ಸುಟ್ಟ ಬೆಕ್ಕಿನಂಗೆ ಯಾಕೆ ತಿರುಗ್ತೀಯ ಅಂತ.

೨೧ ನವೆಂಬರ್, ಗುರುವಾರ

ಕೆಲಸ ಸಿಕ್ಕಿತು, ಒಂದು ನಮೂನೆಯದು.

ನಮ್ಮ ಹಳೆಯ ಸ್ಟೋರ್ ಕೀಪರ್ ನಂಬರ್ ಕೊಟ್ಟನಂತೆ. ಪ್ರಮೋದಾ ಎನ್ನುವವರು ಬೆಳಿಗ್ಗೆ ಫೋನ್ ಮಾಡಿ ಮಧ್ಯಾಹ್ನ ಜೀಪಿನಲ್ಲಿ ಬಂದೇಬಿಟ್ಟರು. ದೇವನಹಳ್ಳಿಯ ಆಚೆ ಒಂದು ಖಾಸಗಿ ಮೈದಾನದಲ್ಲಿ ಇಬ್ಬರು ಕೂರುವ ಪುಟ್ಟ ವಿಮಾನಗಳನ್ನು ನೋಡಿಕೊಳ್ಳುವ ಇಂಜಿನಿಯರು. ಮಾತು ಕಡಿಮೆ, ಕಣ್ಣು ಚುರುಕು. ಒಂದು ವಿಮಾನ ಇಳಿಯುವಾಗ ಜಾರಿ ಬೇಲಿಗೆ ತಾಗಿತಂತೆ. ಒಳಗಿದ್ದವರಿಗೆ ಏನೂ ಆಗಿಲ್ಲ. ಎರಡು ಚಕ್ರದ ಕವಚ ಸೀಳಿವೆ, ಒಂದು ರೆಕ್ಕೆಯ ತುದಿಗೆ ಹಾಕುವ ಟೊಪ್ಪಿ ಮೂಲೆ ಒಡೆದಿದೆ. ಮೂರೂ ಫೈಬರ್, ಜೀಪಿನಿಂದ ಇಳಿಸಿ ಜಗಲಿಯಲ್ಲಿಟ್ಟರು. ಹೊಸದು ಹೊರದೇಶದಿಂದ ಬರಬೇಕು, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು.

ಇವು ಭಾರ ಹೊರುವ ಭಾಗಗಳಲ್ಲ, ಬರೀ ಗಾಳಿ ಸೀಳುವ ಹೊದಿಕೆಗಳು, ತಾನು ಪರೀಕ್ಷಿಸಿ ಒಪ್ಪಿದ ಮೇಲೆಯೇ ವಿಮಾನಕ್ಕೆ ಕೂರಿಸುವುದು ಎಂದು ಮೊದಲೇ ಹೇಳಿದರು. ಕೆಲಸ ಚೆನ್ನಾಗಿ ಬಂದರೆ ಹ್ಯಾಂಗರಿನಲ್ಲಿ ಕಾಯಂ ಜಾಗವಿದೆ ಎಂದೂ ಹೇಳಿದರು. ಹ್ಯಾಂಗರ್ ಅಂದರೇನು ಎಂದು ಅವ್ವ ಕೇಳಿದಳು. ವಿಮಾನ ಕಟ್ಟುವ ಕೊಟ್ಟಿಗೆ ಎಂದೆ.

ಅವರು ಹೋದ ಮೇಲೆ ಒಂದು ರೂಪಾಯಿ ನಾಣ್ಯ ತೆಗೆದುಕೊಂಡು ಕವಚದ ಮೈಯೆಲ್ಲ ತಟ್ಟಿ ನೋಡಿದೆ. ಗಟ್ಟಿ ಇದ್ದಲ್ಲಿ ಟಕ್ ಟಕ್, ಒಳಗೆ ಪದರ ಬಿಟ್ಟಿದ್ದಲ್ಲಿ ಬೊದ್ದು ಸದ್ದು. ಕಣ್ಣಿಗೆ ಕಾಣುವ ಸೀಳಿಗಿಂತ ಕಾಣದ ಪೆಟ್ಟು ದೊಡ್ಡದು. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ಸುಮ್ಮನಿರಲಾರದ ಕೈಗೆ ಸ್ವಲ್ಪ ಸಮಾಧಾನವಾಯಿತು.

೨೪ ನವೆಂಬರ್, ಭಾನುವಾರ

ಅಣ್ಣ ಪಿಳ್ಳಪ್ಪ ಬಂದಿದ್ದ. ಗೋಡೌನ್ ಕಟ್ಟುವವರು ಅವನ ಹೊಲ ಗುತ್ತಿಗೆಗೆ ಕೇಳಿದ್ದಾರೆ. ಅವನದು ಹಿಂದೆ, ನಮ್ಮ ಪಾಲಿನದು ರಸ್ತೆಗೆ ತಗುಲಿಕೊಂಡಿದೆ. ನಮ್ಮದು ಸೇರದಿದ್ದರೆ ಲಾರಿ ಹೋಗಲು ದಾರಿಯಿಲ್ಲ, ಹಾಗಾಗಿ ಎರಡೂ ಬೇಕು. ನಮ್ಮದೆಂದರೆ ಮಮತಳ ಹಿಪ್ಪುನೇರಳೆ ತೋಟ.

ನನಗೆ ಮನಸ್ಸಿತ್ತು. ಮಣ್ಣು, ಗೊಬ್ಬರ, ಹುಳ, ಜ್ವರ, ಇದೆಲ್ಲ ಯಾರಿಗೆ ಬೇಕು? ಮಳೆಗಾಲದ ಬೆಳೆ ರೋಗ ಬಂದು ತಿಪ್ಪೆಗೆ ಹೋಯಿತು. ಹೂಂ ಎನ್ನುವುದರಲ್ಲಿದ್ದೆ, ಅಷ್ಟರಲ್ಲಿ ಮಮತ ಕಾಫಿ ತಂದಳು. ಲೋಟ ಕೊಟ್ಟು ಒಳಗೆ ಹೋಗಲಿಲ್ಲ, ಅಲ್ಲೇ ನಿಂತಳು.

"ಭಾವ, ಇನ್ನೊಂದೇ ಒಂದ್ ಬೆಳೆ ನೋಡಿ. ಇದೂ ಕೈ ಕೊಡ್ತು ಅಂದ್ರೆ ನಾನೇ ನಿಂತ್ಕೊಂಡು ಗಿಡ ಕೀಳುಸ್ತೀನಿ."

ಅಣ್ಣ ನನ್ನ ಮುಖ ನೋಡಿದ. ನಾನು ಅವನಿಗೂ ತಲೆಯಾಡಿಸಿದೆ, ಅವಳಿಗೂ ತಲೆಯಾಡಿಸಿದೆ. ಈ ಬೆಳೆ ನೋಡಿ ತೀರ್ಮಾನ ಎಂದು ಮಾತಾಯಿತು. ನಮ್ಮಪ್ಪನ ಕಾಲದಿಂದಲೂ ನಮ್ಮಲ್ಲಿ ಕಾಗದಕ್ಕಿಂತ ಮಾತೇ ದೊಡ್ಡದು.

೨೯ ನವೆಂಬರ್, ಶುಕ್ರವಾರ

ಮೊದಲನೇ ಕವಚ ಮುಗಿಯಿತು. ಸೀಳಿನ ಎರಡು ತುದಿಗೂ ಸಣ್ಣ ತೂತು ಹೊಡೆದೆ, ಸೀಳು ಮುಂದಕ್ಕೆ ಓಡದ ಹಾಗೆ. ಸುತ್ತ ಉಜ್ಜಿ ಇಳಿಜಾರು ಮಾಡಿ, ಗಾಜಿನೆಳೆಯ ಬಟ್ಟೆ ಒಂದರ ಮೇಲೊಂದು ಇಟ್ಟು ರೆಸಿನ್ ಅಂಟು ಕುಡಿಸಿದೆ. ಬೇಕಾದದ್ದಕ್ಕಿಂತ ಎರಡು ಪದರ ಜಾಸ್ತಿಯೇ ಹಾಕಿದೆ. ಇನ್ನು ಆನೆ ತುಳಿದರೂ ಮುರಿಯುವುದಿಲ್ಲ.

ಮಮತ ನನ್ನ ಬಟ್ಟೆಯನ್ನು ಹಿತ್ತಲ ತುದಿಯ ತಂತಿಗೆ ಬೇರೆ ಹಾಕುತ್ತಾಳೆ. ವಾಸನೆಯಂತೆ. ಇಪ್ಪತ್ತು ವರ್ಷ ಆ ವಾಸನೆಯಲ್ಲೇ ಅನ್ನ ತಿಂದವನ ಮೂಗಿಗೆ ಅದು ವಾಸನೆಯೇ ಅಲ್ಲ.

೨ ಡಿಸೆಂಬರ್, ಸೋಮವಾರ

ಆನೆಯ ಮಾತು ಆಡಬಾರದಿತ್ತು. ಪ್ರಮೋದಾ ಮೇಡಂ ಬಂದು ಕವಚವನ್ನು ಒಂದು ಸಲ ಎತ್ತಿದವರೇ ಕೆಳಗಿಟ್ಟರು. ತಕ್ಕಡಿಗೆ ಹಾಕುವ ಮೊದಲೇ ಅವರಿಗೆ ಗೊತ್ತಾಗಿತ್ತು.

"ಕೆಂಪರಾಜ್ ಅವ್ರೆ, ನೀವು ಟ್ಯಾಂಕ್ ಮಾಡಿದೀರಿ."

ಇಡೀ ವಿಮಾನ ಒಂದು ದೊಡ್ಡ ಎಮ್ಮೆಗಿಂತ ಹಗುರವಂತೆ. ಒಂದು ಕಡೆ ಚಕ್ರ ಭಾರವಾದರೆ ಅದು ಸಾಗುವ ರೀತಿಯೇ ಬೇರೆಯಾಗುತ್ತದಂತೆ. ಹಾಕಿದ್ದನ್ನೆಲ್ಲ ಉಜ್ಜಿ ತೆಗೆದು ಮತ್ತೆ ಮಾಡಿ ಎಂದು ಹೇಳಿ ಹೋದರು. ಬಯ್ದಿದ್ದರೆ ಚೆನ್ನಾಗಿತ್ತು.

ತಮಿಳುನಾಡಿನ ಕಡೆ ಚಂಡಮಾರುತ, ಇಲ್ಲಿ ಬಿಡದ ಜಡಿಮಳೆ. ಜಗಲಿಯಲ್ಲಿ ಕೂತು ದಿನವೆಲ್ಲ ಉಜ್ಜಿದೆ. ಗಾಜಿನ ಧೂಳು ಕುತ್ತಿಗೆಗೆಲ್ಲ ಮೆತ್ತಿಕೊಂಡು ನವೆ. ಮಧ್ಯೆ ಮಧ್ಯೆ ಎದ್ದು ರಸ್ತೆಗೆ ಹೋಗಿ ಬರುತ್ತಿದ್ದೆ.

೫ ಡಿಸೆಂಬರ್, ಗುರುವಾರ

ಚಳಿ. ಮೇಡಂ ಕೊಟ್ಟಿರುವ ರೆಸಿನ್ ಕಂಪನಿಯಲ್ಲಿ ಬಳಸುತ್ತಿದ್ದದ್ದಲ್ಲ, ಬೇರೆ ಜಾತಿಯದು, ತಂಪಿನಲ್ಲಿ ಗಟ್ಟಿಯಾಗುವುದೇ ಇಲ್ಲ. ಕಂಪನಿಯಲ್ಲಿ ಹೀಗಾದಾಗ ಗಟ್ಟಿಯಾಗಿಸುವ ದ್ರವ ಒಂದಿಷ್ಟು ಜಾಸ್ತಿ ಸುರಿಯುತ್ತಿದ್ದೆವು. ಸುರಿದೆ. ಹಲಸಿನ ಅಂಟಿನ ಹಾಗೆ ಕೂತುಬಿಟ್ಟಿತು. ಇದರ ಲೆಕ್ಕ ತೂಕದ ಮೇಲೆ, ಹೆಚ್ಚಾದರೂ ಕೆಡುತ್ತದೆ ಎಂದು ಅವರು ಹೇಳಿದ್ದು ಆಮೇಲೆ ನೆನಪಾಯಿತು. ಥಿನ್ನರಿನಲ್ಲಿ ಒರೆಸಿ ಒರೆಸಿ ತೆಗೆದೆ. ಅವ್ವ ಊಟಕ್ಕೆ ಕರೆದಾಗ ಅವಳ ಮೇಲೆ ರೇಗಿದೆ. ಅವಳು ತಟ್ಟೆಗೆ ಮುದ್ದೆ ಹಾಕಿಟ್ಟು ಎದ್ದುಹೋದಳು.

೮ ಡಿಸೆಂಬರ್, ಭಾನುವಾರ

ಕೊನೆಗೂ ಒಂದು ಉಪಾಯ ಸಿಕ್ಕಿತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ, ಆ ಪೈಕಿ ನಾನು. ಮನೆಯ ಹಿಂದೆಯೇ ಹುಳದ ಮನೆ ಇದೆ. ಮಂಗಳವಾರ, ಮೊಟ್ಟೆಯೊಡೆಸಿ ಮರಿ ಸಾಕಿಕೊಡುವ ಚಾಕಿ ಕೇಂದ್ರದಿಂದ ಹುಳ ಬರುತ್ತವೆ, ಅದಕ್ಕೇ ಮಮತ ಗೋಡೆ ನೆಲ ಎಲ್ಲ ತೊಳೆದು, ಸುಣ್ಣ ಬಳಿದು, ಕಿಟಕಿಗೆ ಗೋಣಿ ಕಟ್ಟಿ, ಹೀಟರ್ ಹಾಕಿ ಬೆಚ್ಚಗೆ ಮಾಡಿದ್ದಾಳೆ. ರ್ಯಾಕಿನ ಮೇಲೆ ಬಲೆ, ಕಾಗದ ಎಲ್ಲ ಜೋಡಿಸಿಟ್ಟಿದ್ದಾಳೆ. ಹುಳ ಇನ್ನೂ ಬಂದಿಲ್ಲ.

ಅವಳು ಸಂಘದ ಸಭೆಗೆ ಹೋಗಿದ್ದಾಗ ರೆಕ್ಕೆಯ ತುದಿಗೆ ಹೊಸ ಪದರ ಹಾಕಿ, ಸುತ್ತ ಥಿನ್ನರಿನಲ್ಲಿ ಒರೆಸಿ, ಅಲ್ಲಿ ಮೂಲೆಯಲ್ಲಿಟ್ಟು ಬಾಗಿಲು ಹಾಕಿದೆ. ಹುಳ ಇದ್ದಾಗ ಬೀಡಿ ಇಲ್ಲ, ಹೂವು ಇಲ್ಲ, ಒಗ್ಗರಣೆ ಇಲ್ಲ ಎಂಬ ಅವ್ವನ ಶಾಸ್ತ್ರವೆಲ್ಲ ನನಗೂ ಗೊತ್ತು. ಈಗ ಹುಳ ಇಲ್ಲವಲ್ಲ.

೯ ಡಿಸೆಂಬರ್, ಸೋಮವಾರ

ರೆಕ್ಕೆ ಕಲ್ಲಿನಂತೆ ಗಟ್ಟಿಯಾಗಿದೆ. ಸಂಜೆಯೇ ತೆಗೆದುಬಿಟ್ಟೆ. ಕೋಣೆಯಲ್ಲಿ ನಿಂತು ಮೂಗೆಳೆದು ನೋಡಿದೆ. ಏನೂ ಇಲ್ಲ. ಇವತ್ತು ಚೆನ್ನಾಗಿ ಊಟ ಮಾಡಿದೆ.

೧೧ ಡಿಸೆಂಬರ್, ಬುಧವಾರ

ನಿನ್ನೆ ಹುಳ ಬಂದವು. ಮಮತಳಿಗೆ ನೆಗಡಿ ಜೋರಿತ್ತು, ಮೂಗು ಕಟ್ಟಿಕೊಂಡೇ ಬಿಡಿಸಿ ಹಾಕಿ ಸೊಪ್ಪು ಕೊಟ್ಟಳು. ಇವತ್ತು ಬೆಳಿಗ್ಗೆ ಅವ್ವ ಹುಳದ ಮನೆಯ ಬಾಗಿಲು ತೆಗೆದವಳೇ ಹೊಸ್ತಿಲಲ್ಲೇ ನಿಂತುಬಿಟ್ಟಳು. ಇದೇನೇ ಮಮತ ಕಂಪನಿ ವಾಸನೆ ಎಂದಳು.

ಸೊಪ್ಪು ಹಾಕಿದ್ದು ಹಾಕಿದ ಹಾಗೇ ಇತ್ತು. ಹುಳಗಳು ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿದ್ದವು, ಏನನ್ನೋ ಬೇಡವೆನ್ನುವ ಹಾಗೆ. ಕೆಲವು ಬಾಯಿಂದ ಹಸಿರು ನೀರು ಕಾರಿಕೊಂಡು ಸುರುಟಿಕೊಂಡಿದ್ದವು. ಮಮತ ಮೂಲೆಗೆ ಹೋಗಿ ಬಗ್ಗಿ ನೋಡಿದಳು. ನೆಲದ ಸುಣ್ಣದ ಮೇಲೆ ರೆಸಿನ್ನಿನ ಒಂದು ಹನಿ ಬಿದ್ದು ಗಟ್ಟಿಯಾಗಿತ್ತು. ಉಗುರಿನಲ್ಲಿ ಅದನ್ನು ಎಬ್ಬಿಸಿ ಅಂಗೈಯಲ್ಲಿಟ್ಟುಕೊಂಡು ನನ್ನ ಮುಂದೆ ಬಂದು ನಿಂತಳು.

"ಬೇಕು ಅಂತ್ಲೇ ಇಟ್ರಾ?"

ದನಿ ಎತ್ತಲಿಲ್ಲ. ನಾನು ಆ ಹನಿ ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಕಾಯಲೂ ಇಲ್ಲ. ಉಳಿದ ಹುಳಗಳನ್ನು ಅವಳೂ ಅವ್ವನೂ ಸೇರಿ ನಡುಮನೆಗೆ ಸಾಗಿಸಿದರು. ನಾನು ಒಂದು ತಟ್ಟೆಗೆ ಕೈ ಹಾಕಿದೆ. ಮುಟ್ಟಬೇಡಿ ಎಂದಳು.

ಬೇಕೆಂದು ಇಡಲಿಲ್ಲ. ಇಲ್ಲಿ ಬರೆದಿದ್ದೇನೆ, ಬೇಕೆಂದು ಇಡಲಿಲ್ಲ. ಆದರೆ ಗೋಡೌನಿಗೆ ಕೊಡುವ ಮನಸ್ಸು ನನಗಿತ್ತು ಎಂಬುದು ಅವಳಿಗೆ ಗೊತ್ತು. ವಾಸನೆ ಬೀಳದ ಮೂಗು ಎಂದರೆ ಯಾರು ನಂಬುತ್ತಾರೆ? ನಾನಾದರೂ ನಂಬುತ್ತಿದ್ದೆನೆ?

೧೨ ಡಿಸೆಂಬರ್, ಗುರುವಾರ

ಸತ್ತ ಹುಳ ಹೂತು ಬಂದೆ. ಮೂರರಲ್ಲಿ ಒಂದು ಪಾಲು ಹೋಗಿದೆ.

೧೪ ಡಿಸೆಂಬರ್, ಶನಿವಾರ

ನಡುಮನೆ ಈಗ ಹುಳದ್ದು. ಮಂಚ ಹೊರಗೆ, ಟೀವಿಯ ಮೇಲೆ ಚಾದರ. ಅಡಿಗೆ ಹಿತ್ತಲ ಒಲೆಯಲ್ಲಿ, ಒಗ್ಗರಣೆಯಿಲ್ಲದ ಸಾರು. ನಾನು ನನ್ನ ಸಾಮಾನೆಲ್ಲ ಗಂಟು ಕಟ್ಟಿ ತೋಟದ ಪಂಪ್ ಮನೆಗೆ ಹೋದೆ. ಹೋಗು ಎಂದು ಯಾರೂ ಹೇಳಲಿಲ್ಲ. ಇರು ಎಂದೂ ಹೇಳಲಿಲ್ಲ.

ಊರಿಗೆಲ್ಲ ಸುದ್ದಿಯಾಗಿದೆ. ಹುಳ ಹೋದವಂತೆ ಎಂದಷ್ಟೇ ಗೊತ್ತು, ಯಾಕೆ ಎಂದು ಗೊತ್ತಿಲ್ಲ. ಹಾಲಿನ ಡೇರಿಯ ಹತ್ತಿರ ಒಬ್ಬ ಕೇಳಿದ, ಚಳಿಗೇನಪ್ಪಾ ಅಂತ. ಹೂಂ ಚಳಿ ಎಂದೆ. ಹಾಗೆಂದವನು ಅವನ ಮುಖ ನೋಡದೆ ಅಲ್ಲಿಂದ ಹೊರಟುಬಂದೆ.

ಪಂಪ್ ಮನೆಯಲ್ಲೂ ಚಳಿ. ಹಾಲಿನ ಡೇರಿಯವರು ಎಸೆದಿದ್ದ ಥರ್ಮಾಕೋಲ್ ಪೆಟ್ಟಿಗೆ ಎರಡು ತಂದು ಜೋಡಿಸಿ ಒಳಗೆ ಹಳೆಯ ಬಲ್ಬು ಹಾಕಿದೆ. ಕವಚಕ್ಕೆ ಹೇಳಿ ಮಾಡಿಸಿದ ಬಿಸಿ. ಈ ಬುದ್ಧಿ ವಾರದ ಹಿಂದೆ ಎಲ್ಲಿ ಹೋಗಿತ್ತು?

೧೭ ಡಿಸೆಂಬರ್, ಮಂಗಳವಾರ

ಹುಳ ಮೂರನೇ ಜ್ವರ ಮುಗಿಸಿ ಎದ್ದಿವೆ. ಜ್ವರವೆಂದರೆ ಕಾಯಿಲೆಯಲ್ಲ, ಚರ್ಮ ಕಳಚುವ ಮೊದಲು ಸೊಪ್ಪು ಬಿಟ್ಟು ಮಂಕಾಗಿ ಕೂರುತ್ತವೆ, ಅದಕ್ಕೆ ಹಾಗೆನ್ನುತ್ತಾರೆ. ಇದನ್ನೆಲ್ಲ ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ, ಕಿವಿಗೆ ಹಾಕಿಕೊಂಡಿರಲಿಲ್ಲ.

ಒಳಗೆ ಬಿಡದಿದ್ದರೂ ಹೊರಗಿನ ಕೆಲಸ ಯಾರು ಬೇಡವೆನ್ನುತ್ತಾರೆ? ತೋಟದಲ್ಲೇ ಇದ್ದೇನಲ್ಲ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಸೊಪ್ಪಿನ ಕಡ್ಡಿ ಕತ್ತರಿಸಿ ಹೊರೆ ಕಟ್ಟಿ ಜಗಲಿಗೆ ತಂದಿಟ್ಟೆ. ಮಮತ ಹೊರೆ ಬಿಚ್ಚಿ ಒಂದೊಂದೇ ಕಡ್ಡಿಯನ್ನು ಮೂಸಿ ನೋಡಿದಳು. ಬಲಿತ ಎಲೆ ಹೆಚ್ಚಾಯಿತು, ಎಳೆಯದು ಬೇಕು ಎಂದು ಅವ್ವನಿಗೆ ಹೇಳಿದಳು, ನನಗೆ ಕೇಳಿಸುವ ಹಾಗೆ. ಮಧ್ಯಾಹ್ನ ಎಳೆಯದು ತಂದೆ.

೧೯ ಡಿಸೆಂಬರ್, ಗುರುವಾರ

ಮೇಡಂ ಪಂಪ್ ಮನೆಗೇ ಬಂದರು. ಎರಡು ಕವಚಗಳನ್ನೂ ತಕ್ಕಡಿಗೆ ಹಾಕಿ, ನಾಣ್ಯ ತೆಗೆದುಕೊಂಡು ಮೈಯೆಲ್ಲ ತಟ್ಟಿ, ಒಳಗೆ ಟಾರ್ಚ್ ಬಿಟ್ಟು ನೋಡಿ, ಸರಿಯಾಗಿದೆ ಎಂದರು. ಆಮೇಲೆ ಬೆರಳಾಡಿಸಿ ಸೀಳು ಎಲ್ಲಿತ್ತು ಎಂದು ಹುಡುಕಿದರು. ಸಿಗಲಿಲ್ಲ. ಹಿಂದಿನ ನಾನಾಗಿದ್ದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಯಾರಿಗೆ ಹೇಳುವುದು?

ರೆಕ್ಕೆಯ ತುದಿಯನ್ನು ಮಾತ್ರ ಒಪ್ಪಲಿಲ್ಲ. ಒಂದು ಕಡೆ ಬೊದ್ದು ಸದ್ದು. ಅವತ್ತು ಅವಸರದಲ್ಲಿ ಹಾಕಿದ್ದು, ಒಳಗೆ ಗಾಳಿ ಸಿಕ್ಕಿಕೊಂಡಿದೆ. ಅಂದರೆ ಆ ಹುಳಗಳು ಸತ್ತಿದ್ದೂ ದಂಡ. ಮೇಡಂ ಹೋದ ಮೇಲೆ ಆ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನಾಚಿಕೆಯಾಯಿತು. ಅಳುವೂ ಬಂತು, ಸುಳ್ಳೇಕೆ ಬರೆಯಲಿ.

೨೩ ಡಿಸೆಂಬರ್, ಸೋಮವಾರ

ನಾಲ್ಕನೇ ಜ್ವರವೂ ಎದ್ದವು. ಇನ್ನು ಎಂಟು ಹತ್ತು ದಿನ ತಿನ್ನುವುದೇ ತಿನ್ನುವುದು. ಎಷ್ಟು ಹಾಕಿದರೂ ಸಾಲದು. ಕಡ್ಡಿ ಕತ್ತರಿಸಲು ಆಳು ಕರೆದರೆ ಎಲ್ಲರೂ ಕಂಪನಿಗೆ ಹೋಗುವವರೇ. ಅವ್ವನ ಮಂಡಿ ಊದಿದೆ. ಮಮತಳ ನೆಗಡಿ ಎದೆಗಿಳಿದು ಕೆಮ್ಮು ಹಿಡಿದಿದೆ. ಒಬ್ಬಳೇ ಹೊರೆ ಎಳೆದುಕೊಂಡು ಹೋಗುವಾಗ ಹೊಸ್ತಿಲ ಹತ್ತಿರ ಗೋಡೆ ಹಿಡಿದು ನಿಂತಳು.

ನಾನು ಅಂಗಿ ಕಳಚಿ ಬಚ್ಚಲಿಗೆ ಹೋದೆ. ಸೀಗೆಪುಡಿ ಹಾಕಿ ಮೈ ಉಜ್ಜಿದೆ, ಉಗುರಿನ ಸಂದೂ ಬಿಡಲಿಲ್ಲ. ಅಪ್ಪನ ಹಳೆಯ ಪಂಚೆ ಉಟ್ಟು ನಡುಮನೆಯ ಬಾಗಿಲಲ್ಲಿ ನಿಂತು ಎರಡು ಕೈಯನ್ನೂ ಮುಂದೆ ಚಾಚಿದೆ. ಮಮತ ಬಂದು ಮೂಸಿದಳು. ಮೊದಲು ಬೆರಳು, ಆಮೇಲೆ ಅಂಗೈ, ಆಮೇಲೆ ಮೊಣಕೈವರೆಗೆ. ಪೊಲೀಸಿನವರೂ ಹಾಗೆ ನೋಡುವುದಿಲ್ಲ. ಇನ್ನೊಂದ್ ಸಲ ತೊಳ್ಕೊಂಡ್ ಬನ್ನಿ ಎಂದಳು.

ಮೂರನೇ ಸಲಕ್ಕೆ ಒಳಗೆ ಬಿಟ್ಟಳು.

೨೬ ಡಿಸೆಂಬರ್, ಗುರುವಾರ

ಪಂಪ್ ಮನೆ ಕೆಲಸಕ್ಕೆ ಬೆಳಿಗ್ಗೆ ಒಂದಿಷ್ಟು ಹೊತ್ತು ಸಾಕು. ರೆಕ್ಕೆಯ ತುದಿಯನ್ನು ಪೂರ್ತಿ ಬಿಚ್ಚಿ, ತೂಕ ಮಾಡಿ ಕಲಸಿ, ನಿಧಾನವಾಗಿ ಹಾಕಿ, ಗುಳ್ಳೆ ಒಂದೊಂದೇ ಒತ್ತಿ ತೆಗೆದು ಪೆಟ್ಟಿಗೆಯೊಳಗಿಟ್ಟೆ. ಗಟ್ಟಿಯಾಗುವವರೆಗೆ ಮುಟ್ಟುವಂತಿಲ್ಲ. ಆಮೇಲೆ ಸ್ನಾನ, ಆಮೇಲೆ ಸೊಪ್ಪು.

ಹುಳಗಳು ತಿನ್ನುವ ಸದ್ದು ಹಂಚಿನ ಮೇಲೆ ಸೋನೆ ಬಿದ್ದ ಹಾಗೆ. ಒಳಗೆ ಬಿಟ್ಟ ದಿನದಿಂದ ರಾತ್ರಿ ಜಗಲಿಗೆ ಬಂದು ಮಲಗುತ್ತಿದ್ದೇನೆ, ಮೊದಲ ರಾತ್ರಿ ಕಿರಿಕಿರಿಯಾಗಿತ್ತು. ಈಗ ಸದ್ದು ತಗ್ಗಿದರೆ ಎದ್ದು ಹೋಗಿ ಸೊಪ್ಪು ಮುಗಿಯಿತೇ ನೋಡುತ್ತೇನೆ. ಇವತ್ತು ನಾನಾಗಿ ಎದ್ದಾಗ ಏಳು ಗಂಟೆ. ಕಂಪನಿ ಬಸ್ಸು ಹೋದದ್ದು ಕೇಳಿಸಲಿಲ್ಲ, ಮಂಜು ಜಾಸ್ತಿ ಇರಬೇಕು.

೩೦ ಡಿಸೆಂಬರ್, ಸೋಮವಾರ

ಮೇಡಂ ರೆಕ್ಕೆಯ ತುದಿ ತೆಗೆದುಕೊಂಡು ಹೋದರು. ಒಪ್ಪಿಗೆಯಾಯಿತು. ಗುರುವಾರ ಬೆಳಿಗ್ಗೆ ವಿಮಾನ ಹಾರಿಸಿ ನೋಡುತ್ತಾರಂತೆ, ನೀವು ಬನ್ನಿ, ಅವತ್ತೇ ಕೆಲಸಕ್ಕೂ ಸೇರಿಕೊಳ್ಳಿ ಎಂದರು. ಹುಳ ಹಣ್ಣಾಗುವ ಹೊತ್ತು ಮೇಡಂ, ಸೋಮವಾರದಿಂದ ಬರುತ್ತೇನೆ ಎಂದೆ. ಅವರು ಆಗಲಿ ಎಂದರು.

ನಾಳೆಗೆ ಚಂದ್ರಂಕಿಗಳನ್ನೆಲ್ಲ ಅಟ್ಟದಿಂದ ಇಳಿಸಿ ಬಿಸಿಲಿಗೆ ಹಾಕಬೇಕು. ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆಗಳು. ನಾಲ್ಕರ ಹೆಣಿಗೆ ಬಿಟ್ಟಿತ್ತು, ಅಟ್ಟದಲ್ಲೇ ಕೂತು ಕಟ್ಟಿದೆ. ನಮ್ಮ ತೋಟದಲ್ಲಿ ಕೊಳವೆ ಬಾವಿಯ ಪಕ್ಕದ ಸಾಲಿಗೆ ನೀರು ಸರಿಯಾಗಿ ಹೋಗುತ್ತಿಲ್ಲ, ಅದೊಂದು ನೋಡಬೇಕು. ಬರೆಯಲು ಬೇರೇನೂ ಇಲ್ಲ.

೩ ಜನವರಿ ೨೦೨೫, ಶುಕ್ರವಾರ

ನಿನ್ನೆ ಬರೆಯಲಾಗಲಿಲ್ಲ. ಹುಳ ಹಣ್ಣಾದವು. ಹಣ್ಣಾದ ಹುಳ ಸೊಪ್ಪು ಬಿಟ್ಟು ತಲೆ ಎತ್ತುತ್ತದೆ, ಮೈ ಬೆಳಕಿಗೆ ಹಿಡಿದರೆ ಮಾಗಿದ ದ್ರಾಕ್ಷಿಯ ಬಣ್ಣ. ಆಗಲೇ ಆರಿಸಿ ಚಂದ್ರಂಕಿಗೆ ಬಿಡಬೇಕು, ತಡವಾದರೆ ಕಸದಲ್ಲೇ ನೂಲು ಬಿಟ್ಟು ಹಾಳು. ಎಲ್ಲ ಒಂದೇ ದಿನ ಹಣ್ಣಾಗುತ್ತವೆ. ಬೆಳಕು ಹರಿಯುವಾಗ ಕೂತವರು ಮಮತ, ಅವ್ವ, ನಾನು. ಅವ್ವ ಕಾಲು ಚಾಚಿಕೊಂಡೇ ಆರಿಸಿದಳು.

ಗೂಟಕ್ಕೆ ಹಾಕಿದ್ದ ಅಂಗಿಯ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು. ಕೈ ಬಿಡುವಿರಲಿಲ್ಲ.

ಬಿಸಿಲೇರುವ ಹೊತ್ತಿಗೆ ಅಣ್ಣ ಬಂದ. ಹುಳ ಇರುವ ಕಡೆ ಹೊರಗಿನವರು ಬರಬಾರದೆಂದು ಅವನಿಗೂ ಗೊತ್ತು, ಹೊಸ್ತಿಲಾಚೆ ನಿಂತ. ಅವನ ಹಿಂದೆ ರಸ್ತೆಯಲ್ಲಿ ಗೋಡೌನಿನವರ ಕಾರು.

"ಏನ್ಲಾ ಕೆಂಪರಾಜ, ಮೂರ್ರಲ್ಲಿ ಒಂದ್ ಪಾಲು ಹೋಯ್ತಂತಲ್ಲ. ಆಡಿದ್ ಮಾತಿನಂಗೆ ಮುಗಿಸ್ಬುಡಾಣ ಬಾ. ಅವ್ರು ಕಾರಲ್ಲವ್ರೆ."

ಮಮತ ತಲೆ ಎತ್ತಲಿಲ್ಲ. ಅವಳ ಕೈ ಮಾತ್ರ ನಿಂತಿತು. ಬೆರಳ ಸಂದಿನಲ್ಲಿ ಒಂದು ಹುಳ ಇತ್ತು, ಅದನ್ನು ಚಂದ್ರಂಕಿಗೆ ಬಿಡುವುದೋ ಬೇಡವೋ ಎನ್ನುವ ಹಾಗೆ ಹಿಡಿದುಕೊಂಡಿದ್ದಳು.

ನಾನು ಎದ್ದು ಬಾಗಿಲಿಗೆ ಹೋದೆ.

"ಅಣ್ಣ, ಈ ಬೆಳೆ ಲೆಕ್ಕಕ್ಕಿಲ್ಲ. ಇದುನ್ನ ಕೆಡ್ಸಿದ್ದು ನಾನು. ಹುಳದ್ ಮನೇಲಿ ರೆಸಿನ್ ಹಾಕಿದ್ ಸಾಮಾನು ಇಟ್ಬಿಟ್ಟೆ, ಆ ಗಾಳಿಗೆ ಸತ್ವು. ತೋಟದ್ದೂ ತಪ್ಪಿಲ್ಲ, ಇವಳದ್ದೂ ತಪ್ಪಿಲ್ಲ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೊಟ್ಟ ಮಾತೇನಾಯಿತು ಎಂದು ಕೇಳಿದ. ಮಾತು ಕೊಟ್ಟಿದ್ದು ಹುಳ ಹೇಗೆ ಬೆಳೆಯುತ್ತದೆ ಎನ್ನುವುದರ ಮೇಲೆ, ನಾನೇ ಅವನ್ನು ಕೊಂದರೆ ಅದಕ್ಕೆ ಮಾತು ಅಂಟುವುದಿಲ್ಲ ಎಂದೆ. ಮುಂದಿನ ಬೆಳೆ ನೋಡೋಣ ಎಂದೆ. ಆಚೆ ಕಾರಿನವನು ಹಾರ್ನ್ ಹೊಡೆದ. ಅಣ್ಣನಿಗೆ ಸಿಟ್ಟು ಬಂತು, ಹೆಂಡತಿ ಸೆರಗು ಹಿಡ್ಕೊಂಡ್ ಕೂತವ್ನೆ ಎಂದು ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ ಅಂದು ಹೋದ. ಸಂಕ್ರಾಂತಿಗೆ ಎಳ್ಳು ಬೆಲ್ಲ ಬೀರಲು ಅವನ ಮನೆಗೆ ಹೇಗೆ ಹೋಗುವುದೋ ಕಾಣೆ.

ಬಂದು ನನ್ನ ಜಾಗದಲ್ಲಿ ಕೂತೆ. ಅವ್ವ ನೀರು ಕುಡಿಯಲೆಂದು ಎದ್ದುಹೋದಳು, ನೀರಿನ ಚೊಂಬು ಅವಳ ಪಕ್ಕದಲ್ಲೇ ಇತ್ತು.

"ಅವತ್ತು ಕೇಳಿದ್ನಲ್ಲ, ಬೇಕು ಅಂತ್ಲೇ ಇಟ್ರಾ ಅಂತ," ಮಮತ ಹುಳ ಆರಿಸುತ್ತಲೇ ಅಂದಳು. "ನೀವು ಇಲ್ಲ ಅಂತ ಹೇಳ್ಲೇ ಇಲ್ಲ."

"ಹೇಳಿದ್ರೆ ನಂಬ್ತಿದ್ಯಾ?"

"ಇಲ್ಲ."

"ಈಗ?"

"ಈಗ ಕೇಳ್ತಿಲ್ವಲ್ಲ," ಅಂದಳು, ತುಂಬಿದ ಚಂದ್ರಂಕಿಯನ್ನು ನನ್ನ ಕೈಗೆ ಕೊಟ್ಟು.

ಅದನ್ನು ಒಯ್ದು ನೆರಳಿಗೆ ನಿಲ್ಲಿಸಿ ಬಂದೆ. ಇವತ್ತು ಬೆಳಿಗ್ಗೆ ನೋಡಿದಾಗ ಹುಳಗಳು ಕಾಣದಷ್ಟು ನೂಲು ಸುತ್ತಿಕೊಂಡಿದ್ದವು. ಫೋನಿನಲ್ಲಿ ಮೇಡಂ ವಿಮಾನ ಹಾರಿದ ವಿಡಿಯೋ ಕಳಿಸಿದ್ದಾರಂತೆ. ಅವ್ವ ಎರಡು ಸಲ ನೋಡಿದಳಂತೆ. ನಾನಿನ್ನೂ ನೋಡಿಲ್ಲ, ತೋಟಕ್ಕೆ ನೀರು ಬಿಟ್ಟು ಬರಬೇಕು.